ಗಣಿತಜ್ಞ ಮಹಾವೀರಾಚಾರ್ಯರು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಇಂದಿನ ರಾಯಚೂರು, ದೇವದುರ್ಗ ಹಾಗೂ ಮಾನ್ವಿ ತಾಲ್ಲೂಕುಗಳಿರುವ ಭೂಭಾಗವು ಕ್ರಿ.ಶ. 9ನೇ ಶತಮಾನದಲ್ಲಿ ರಾಷ್ಟ್ರಕೂಟರ ಆಳ್ವಿಕೆಗೆ ಒಳಪಟ್ಟಿತ್ತು. ಅವರ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ಮಳಖೇಡ. ಅಮೋಘವರ್ಷ ನೃಪತುಂಗನ (ಕ್ರಿ.ಶ. 814–878) ಕಾಲದಲ್ಲಿ ಬಾಳಿದ ಜೈನ ಗಣಿತಜ್ಞರು ಮಹಾವೀರಾಚಾರ್ಯರು.

ಕೃತಿ

ಸುಮಾರು ಕ್ರಿ.ಶ. 850ರಲ್ಲಿ ಇವರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದರು. ಗ್ರಂಥದ ಆರಂಭದಲ್ಲಿ ಅಮೋಘವರ್ಷನನ್ನು ಸ್ತುತಿಸಿದ್ದಾರೆ. ಅದುವರೆಗೆ ಗಣಿತವು ಹೆಚ್ಚಾಗಿ ಜ್ಯೋತಿಷ ಗ್ರಂಥಗಳ ಒಂದು ಭಾಗವಾಗಿರುತ್ತಿತ್ತು. ಮಹಾವೀರಾಚಾರ್ಯರು ಗಣಿತಕ್ಕೇ ಮೀಸಲಾದ 9 ಅಧ್ಯಾಯಗಳ ಗ್ರಂಥವನ್ನು ಬರೆದು, ಭಿನ್ನರಾಶಿ, ತ್ರೈರಾಶಿಕ, ಬಡ್ಡಿ, ಕ್ಷೇತ್ರಫಲ, ಅಗೆತದ ಅಳತೆ ಮತ್ತು ನೆರಳಿನ ಲೆಕ್ಕಗಳನ್ನು ವಿವರಿಸಿದರು. ಲೋಕದ ಎಲ್ಲ ವ್ಯವಹಾರಗಳಿಗೂ ಗಣಿತವೇ ಆಧಾರವೆಂಬುದು ಅವರ ನಿಲುವಾಗಿತ್ತು.

ಸಂಖ್ಯೆಗಳ ಹಾರ

ಸಂಖ್ಯೆಗಳ ಸ್ಥಾನಗಳಿಗೆ ಇವರು ಏಕದಿಂದ ಮಹಾಕ್ಷೋಭದವರೆಗೆ 24 ಹೆಸರುಗಳನ್ನು ನೀಡಿದ್ದಾರೆ. ಗುಣಾಕಾರವನ್ನು ಕಲಿಸುವಾಗ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಸಂಖ್ಯೆಗಳನ್ನು ಉತ್ತರವಾಗಿ ಬರಿಸಿ, ಅವುಗಳನ್ನು ಕೊರಳ ಹಾರಕ್ಕೆ ಹೋಲಿಸಿದ್ದಾರೆ. 152207ನ್ನು 73ರಿಂದ ಗುಣಿಸಿದರೆ 11111111 ದೊರೆಯುತ್ತದೆ.

ಇವುಗಳಲ್ಲಿ ವಿಶೇಷವಾದುದು 12345654321. ಇದು ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಒಂದಕ್ಕೆ ಇಳಿಯುತ್ತದೆ. 27994681ನ್ನು 441ರಿಂದ ಗುಣಿಸಿದಾಗ ಈ ಸಂಖ್ಯೆ ಬರುತ್ತದೆ. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21 ಮತ್ತು 5291ರ ಗುಣಲಬ್ಧ 111111. ಆದುದರಿಂದ ಆ ಹಾರವು 111111ರ ವರ್ಗವೇ ಆಗಿದೆ. ಗುಣಾಕಾರದಲ್ಲಿ ಒಂದು ಅಂಕಿ ತಪ್ಪಿದರೂ ಹಾರವು ಕೆಡುವುದರಿಂದ, ಕಲಿಯುವವನು ತನ್ನ ತಪ್ಪನ್ನು ತಾನೇ ಗುರುತಿಸಬಹುದು.

ಇತರ ಸಾಧನೆಗಳು

ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಇವರು ಸ್ಪಷ್ಟವಾಗಿ ಹೇಳಿದರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆಯು ಬದಲಾಗದೆಂದ ಇವರ ಅಭಿಪ್ರಾಯವು ಮುಂದೆ ಅಂಗೀಕಾರವಾಗಲಿಲ್ಲ. ಕ್ಷೇತ್ರಫಲಕ್ಕೆ ವ್ಯವಹಾರಕ್ಕೆ ಸಾಕಾಗುವ ಸ್ಥೂಲ ಲೆಕ್ಕವನ್ನೂ ಸೂಕ್ಷ್ಮ ಲೆಕ್ಕವನ್ನೂ ಬೇರೆಬೇರೆಯಾಗಿ ನೀಡಿ, ಎರಡಕ್ಕೂ ಇರುವ ವ್ಯತ್ಯಾಸವನ್ನು ತೋರಿಸಿದರು.

11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದ ಮೇಲೆ ಇದು ಜಗತ್ತಿನ ವಿದ್ವಾಂಸರ ಗಮನಕ್ಕೆ ಬಂದಿತು.

ಪಹಣಿಯಲ್ಲಿ ಎಕರೆ-ಗುಂಟೆಗಳನ್ನೂ, ಸಾಲಪತ್ರದಲ್ಲಿ ಬಡ್ಡಿಯನ್ನೂ ಓದುವ ರಾಯಚೂರು, ದೇವದುರ್ಗ, ಮಾನ್ವಿಯ ನಾಗರಿಕರಿಗೆ ಮಹಾವೀರಾಚಾರ್ಯರ ವಿಷಯಗಳು ಹೊಸವಲ್ಲ. ಕ್ಷೇತ್ರದ ಅಳತೆ, ಅಸಲು ಮತ್ತು ಬಡ್ಡಿಗಳ ಲೆಕ್ಕವನ್ನು ಪ್ರತಿಯೊಬ್ಬನೂ ತಾನೇ ಮಾಡಿ ನೋಡುವಂತಾಗಲು ಅವರು ಸಾವಿರ ವರ್ಷಗಳಿಗೂ ಹಿಂದೆಯೇ ಸೂತ್ರಗಳನ್ನು ಒದಗಿಸಿದ್ದರು.