ಪೆಟ್ರಿಷಿಯಾ ಹ್ಯಾರಿಸ್

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಗುಲಾಮಗಿರಿಯು 1865ರಲ್ಲಿಯೇ ಕಾನೂನಿನ ಮೂಲಕ ಕೊನೆಗೊಂಡಿತು. ಆದರೆ ಮನಸ್ಸಿನಲ್ಲಿ ಬೇರೂರಿದ ವರ್ಣಭೇದವು ಒಂದು ಕಾನೂನಿನಿಂದ ಅಳಿದುಹೋಗುವಂಥದಲ್ಲ. ಆಮೇಲೆಯೂ ಬಹುಕಾಲ ಆ ದೇಶದ ಅನೇಕ ಕಡೆಗಳಲ್ಲಿ ಕಪ್ಪು ಜನರು ಬಿಳಿಯರೊಡನೆ ಒಂದೇ ಶಾಲೆಯಲ್ಲಿ ಕಲಿಯುವಂತಿರಲಿಲ್ಲ. ಒಂದೇ ಮೇಜಿನಲ್ಲಿ ಉಣ್ಣುವಂತಿರಲಿಲ್ಲ. ಅಂತಹ ಕಾಲದಲ್ಲಿ ಹುಟ್ಟಿ, ನ್ಯಾಯಶಾಸ್ತ್ರ, ರಾಜ್ಯಾಡಳಿತ, ವಾಣಿಜ್ಯ ಈ ಮೂರು ಕ್ಷೇತ್ರಗಳಲ್ಲಿಯೂ ಮುಚ್ಚಿದ್ದ ಬಾಗಿಲುಗಳನ್ನು ತೆರೆದ ಧೀಮಂತ ಮಹಿಳೆ ಪೆಟ್ರಿಷಿಯಾ ರಾಬರ್ಟ್ಸ್ ಹ್ಯಾರಿಸ್.

ಅವರು 1924ರ ಮೇ 31ರಂದು ಇಲಿನಾಯ್ ರಾಜ್ಯದ ಮಟೂನ್ ಎಂಬ ಚಿಕ್ಕ ಪಟ್ಟಣದಲ್ಲಿ ಜನಿಸಿದರು. ತಂದೆ ರೈಲಿನ ಊಟದ ಗಾಡಿಯಲ್ಲಿ ಪರಿಚಾರಕರಾಗಿದ್ದರು. ಅವರು ಸಂಸಾರದಿಂದ ದೂರವಾದ ಮೇಲೆ ತಾಯಿ ಮತ್ತು ಅಜ್ಜಿಯ ಆರೈಕೆಯಲ್ಲಿ ಮಗಳು ಬೆಳೆದಳು. ಮನೆಯಲ್ಲಿ ಹಣವಿರಲಿಲ್ಲ, ವಿದ್ಯೆಯ ಮೇಲೆ ಗೌರವವಿತ್ತು. ಷಿಕಾಗೊ ನಗರದಲ್ಲಿ ಶಾಲಾ ವಿದ್ಯಾಭ್ಯಾಸ ಮುಗಿಸಿ, ವಿದ್ಯಾರ್ಥಿವೇತನದ ನೆರವಿನಿಂದ ರಾಜಧಾನಿ ವಾಷಿಂಗ್ಟನ್ನಿನ ಹೊವರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿದರು.

ಆ ವಿಶ್ವವಿದ್ಯಾನಿಲಯದ ಸಮೀಪದಲ್ಲಿ ಕಪ್ಪು ಜನರಿಗೆ ಊಟ ಕೊಡದ ಒಂದು ಉಪಾಹಾರ ಗೃಹವಿತ್ತು. 1943ರಲ್ಲಿ ವಿದ್ಯಾರ್ಥಿಗಳು ಗುಂಪು ಗುಂಪಾಗಿ ಒಳಹೊಕ್ಕು, ಬರಿದಾದ ತಟ್ಟೆಗಳನ್ನು ಮುಂದಿಟ್ಟುಕೊಂಡು, ಪುಸ್ತಕ ಓದುತ್ತ ಮೌನವಾಗಿ ಕುಳಿತರು. ಈ ಚಳವಳಿಗೆ ಮಾರ್ಗದರ್ಶನ ಮಾಡಿದ ಪಾಲಿ ಮರ್ರಿ ಎಂಬ ನ್ಯಾಯಶಾಸ್ತ್ರದ ವಿದ್ಯಾರ್ಥಿನಿ ಗಾಂಧೀಜಿಯವರ ಸತ್ಯಾಗ್ರಹದ ಮಾರ್ಗವನ್ನು ಓದಿ ತಿಳಿದವರು. ಹಾಗೆ ಕುಳಿತವರಲ್ಲಿ ಪೆಟ್ರಿಷಿಯಾ ಕೂಡ ಒಬ್ಬರು. ಕೆಲವೇ ದಿನಗಳಲ್ಲಿ ಆ ಉಪಾಹಾರ ಗೃಹ ಎಲ್ಲರಿಗೂ ಊಟ ಬಡಿಸತೊಡಗಿತು.

1945ರಲ್ಲಿ ಅತ್ಯುನ್ನತ ಶ್ರೇಣಿಯಲ್ಲಿ ಪದವಿ ಪಡೆದ ಅವರು ಕೆಲವು ವರ್ಷ ಸಮಾಜಸೇವಾ ಸಂಸ್ಥೆಗಳಲ್ಲಿ ದುಡಿದರು. 1955ರಲ್ಲಿ ವಕೀಲರಾದ ವಿಲಿಯಂ ಹ್ಯಾರಿಸ್‌ರನ್ನು ವಿವಾಹವಾದರು. ಪತಿಯ ಪ್ರೋತ್ಸಾಹದಿಂದ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಕಾನೂನು ವ್ಯಾಸಂಗ ಕೈಗೊಂಡು, 1960ರಲ್ಲಿ 94 ಮಂದಿ ಸಹಪಾಠಿಗಳಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಆಗ ಅವರಿಗೆ 36 ವರ್ಷ.

ಅಲ್ಲಿಂದ ಮುಂದೆ ಒಂದೊಂದು ಪದವಿಯೂ ಅವರನ್ನು ಅರಸಿ ಬಂದಿತು. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರನ್ನು ಲಕ್ಸೆಂಬರ್ಗ್ ದೇಶಕ್ಕೆ ರಾಯಭಾರಿಯಾಗಿ ಕಳುಹಿಸಿದರು. ಅಮೆರಿಕದ ರಾಯಭಾರಿಯಾದ ಮೊದಲ ಕಪ್ಪು ಮಹಿಳೆ ಅವರೇ. 1969ರಲ್ಲಿ ಹೊವರ್ಡ್ ಕಾನೂನು ಕಾಲೇಜಿನ ಮುಖ್ಯಸ್ಥರಾದರು. ಆದರೆ ವಿದ್ಯಾರ್ಥಿಗಳ ಮುಷ್ಕರದ ಸಂದರ್ಭದಲ್ಲಿ ತಮ್ಮ ದೃಢ ನಿಲುವಿಗೆ ಮೇಲಧಿಕಾರಿಗಳ ಬೆಂಬಲ ದೊರೆಯದಿದ್ದಾಗ, ಪದವಿಗೆ ಅಂಟಿಕೊಳ್ಳದೆ ರಾಜೀನಾಮೆ ಕೊಟ್ಟು ಹೊರಬಂದರು. 1971ರಲ್ಲಿ ಐ.ಬಿ.ಎಂ. ಕಂಪನಿಯ ನಿರ್ದೇಶಕ ಮಂಡಳಿಗೆ ಆಯ್ಕೆಯಾದರು. ಅಮೆರಿಕದ ಬೃಹತ್ ವಾಣಿಜ್ಯ ಸಂಸ್ಥೆಯೊಂದರ ನಿರ್ದೇಶಕ ಮಂಡಳಿಯಲ್ಲಿ ಕಪ್ಪು ಮಹಿಳೆಯೊಬ್ಬರು ಕುಳಿತದ್ದು ಅದೇ ಮೊದಲು.

1977ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರನ್ನು ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಯ ಮುಖ್ಯಸ್ಥರನ್ನಾಗಿ ಹೆಸರಿಸಿದರು. ನೇಮಕಕ್ಕೆ ಸೆನೆಟ್ ಸಭೆಯ ಒಪ್ಪಿಗೆ ಬೇಕಾಗಿತ್ತು. ದೊಡ್ಡ ಕಂಪನಿಗಳ ನಿರ್ದೇಶಕರಾದ ಇವರಿಗೆ ಬಡವರ ಕಷ್ಟ ತಿಳಿದೀತೇ ಎಂದು ಸದಸ್ಯರೊಬ್ಬರು ಸಂದೇಹಪಟ್ಟರು. ಹ್ಯಾರಿಸ್ ಅಳುಕಲಿಲ್ಲ. ತಾವು ಊಟದ ಗಾಡಿಯ ಪರಿಚಾರಕನ ಮಗಳೆಂದೂ, ವಿದ್ಯಾರ್ಥಿವೇತನವಿಲ್ಲದೆ ಓದಲಾರದೆ ಇದ್ದವರೆಂದೂ, ಕೆಲವೇ ವರ್ಷಗಳ ಹಿಂದೆ ರಾಜಧಾನಿಯ ಕೆಲವು ಬಡಾವಣೆಗಳಲ್ಲಿ ತಮಗೆ ಮನೆ ಕೊಳ್ಳುವುದೂ ಸಾಧ್ಯವಿರಲಿಲ್ಲವೆಂದೂ, ಅದನ್ನೆಲ್ಲ ತಾವು ಮರೆತಿಲ್ಲವೆಂದೂ ಸ್ಪಷ್ಟವಾಗಿ ಉತ್ತರಿಸಿದರು. ಸೆನೆಟ್ ಅವರ ನೇಮಕವನ್ನು ಒಪ್ಪಿತು. ಹೀಗೆ ಅವರು ಅಮೆರಿಕದ ಮಂತ್ರಿಮಂಡಲದ ಮೊದಲ ಕಪ್ಪು ಮಹಿಳೆಯಾದರು.

ಅವರ ಆಡಳಿತವೇ ಆ ಸಂದೇಹಕ್ಕೆ ನಿಜವಾದ ಉತ್ತರವಾಯಿತು. ಹಳೆಯ ಬಡಾವಣೆಗಳನ್ನು ಕೆಡವುವ ಬದಲು ದುರಸ್ತಿ ಮಾಡುವುದಕ್ಕೂ, ಹಾಳುಬಿದ್ದ ನಗರ ಭಾಗಗಳಿಗೆ ಉದ್ಯಮಗಳನ್ನು ಮರಳಿ ತರುವುದಕ್ಕೂ ಅವರು ಶ್ರಮಿಸಿದರು. 1979ರಲ್ಲಿ ಆರೋಗ್ಯ, ಶಿಕ್ಷಣ ಮತ್ತು ಕಲ್ಯಾಣ ಇಲಾಖೆಯ ಹೊಣೆ ಹೊತ್ತು 1981ರವರೆಗೆ ಮಂತ್ರಿಮಂಡಲದಲ್ಲಿದ್ದರು.

1982ರಲ್ಲಿ ವಾಷಿಂಗ್ಟನ್ ನಗರದ ಮೇಯರ್ ಸ್ಥಾನಕ್ಕೆ ಸ್ಪರ್ಧಿಸಿ, ತಮ್ಮ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿಯೇ ಸೋತರು. ಸೋಲಿನಿಂದ ಕುಗ್ಗದೆ, ತಾವು ಕಲಿತ ಕಾನೂನು ಕಾಲೇಜಿಗೇ ಪ್ರಾಧ್ಯಾಪಕರಾಗಿ ಮರಳಿದರು. 1984ರಲ್ಲಿ ಪತಿ ತೀರಿಕೊಂಡರು. 1985ರ ಮಾರ್ಚ್ 23ರಂದು, 60ನೆಯ ವಯಸ್ಸಿನಲ್ಲಿ, ಕ್ಯಾನ್ಸರ್ ರೋಗದಿಂದ ಪೆಟ್ರಿಷಿಯಾ ಹ್ಯಾರಿಸ್ ನಿಧನ ಹೊಂದಿದರು. 2000ದಲ್ಲಿ ಅಮೆರಿಕ ಸರ್ಕಾರ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು.

ಎತ್ತರಕ್ಕೆ ಏರುವುದು ಕಷ್ಟ; ಏರಿದ ಮೇಲೆ ಹೊರಟ ನೆಲವನ್ನು ನೆನಪಿಡುವುದು ಅದಕ್ಕಿಂತ ಕಷ್ಟ. ಬರಿದಾದ ತಟ್ಟೆಯ ಮುಂದೆ ಕುಳಿತಿದ್ದ ಆ ತರುಣಿ ಮಂತ್ರಿಪದವಿಯಲ್ಲಿಯೂ ಅದನ್ನು ಮರೆಯಲಿಲ್ಲ. ಅವರ ಬಾಳಿನ ಹಿರಿಮೆ ಇರುವುದು ಅಲ್ಲಿಯೇ.