ಕೃಷಿವಿಜ್ಞಾನಿ ಲೆಸ್ಲಿ ಕೋಲ್ಮನ್

ಬೇಸಗೆಯ ಬಿಸಿಲಿಗೆ ಕಾದು ಬಿರಿದ ನೆಲದ ಮೇಲೆ ಮುಂಗಾರಿನ ಮೊದಲ ಮಳೆ ಸುರಿದ ರಾತ್ರಿ ನಮ್ಮ ಹಳ್ಳಿಗಳಲ್ಲಿ ಒಂದು ನೋಟವನ್ನು ಕಾಣಬಹುದು. ಜಗಲಿಯ ದೀಪದ ಸುತ್ತ ಬಗೆಬಗೆಯ ಪತಂಗಗಳು ಬಂದು ಮುತ್ತುತ್ತವೆ. ಬಿಳಿಯವು, ಕಂದು ಬಣ್ಣದವು, ಹಳದಿ ಗೆರೆಯವು, ಕಪ್ಪು ಚುಕ್ಕೆಯವು ಹೀಗೆ ಅವುಗಳಲ್ಲಿ ನೂರಾರು ಬಗೆ. ನಾವು ಅವನ್ನೆಲ್ಲ ದೀಪದ ಹುಳುಗಳೆಂಬ ಒಂದೇ ಹೆಸರಿನಿಂದ ಕರೆದು, ದೀಪವನ್ನು ಆರಿಸಿ ಮಲಗಿಬಿಡುತ್ತೇವೆ. ಈ ಪತಂಗ ಯಾವುದು? ಇದು ಎಲ್ಲಿ ಮೊಟ್ಟೆಯಿಡುತ್ತದೆ? ಇದರ ಮರಿ ಯಾವ ಗಿಡವನ್ನು ತಿನ್ನುತ್ತದೆ? ಹೋದ ವರ್ಷ ಇದು ಎಷ್ಟಿದ್ದಿತು, ಈ ವರ್ಷ ಎಷ್ಟಿದೆ? ಇಂತಹ ಪ್ರಶ್ನೆಗಳನ್ನು ಕೇಳಿಕೊಂಡು, ಕಂಡುದನ್ನು ಊರು ಮತ್ತು ದಿನಾಂಕಗಳೊಡನೆ ಬರೆದಿಡುವುದು ಕೀಟಶಾಸ್ತ್ರಜ್ಞನ ಕೆಲಸ. ನೋಡುವವರಿಗೆ ಇದು ಅಲ್ಪವಾಗಿ ತೋರಬಹುದು. ಆದರೆ ರೈತನ ಒಂದು ವರ್ಷದ ಅನ್ನ ಎಷ್ಟೋ ವೇಳೆ ಈ ಅಲ್ಪವಾದ ಕೆಲಸವನ್ನೇ ಅವಲಂಬಿಸಿರುತ್ತದೆ. ಹಿಂದಿನ ಮೈಸೂರು ಸಂಸ್ಥಾನದಲ್ಲಿ ಈ ಕೆಲಸಕ್ಕೆ ಭದ್ರವಾದ ತಳಹದಿಯನ್ನು ಹಾಕಿದವರು ಡಾಕ್ಟರ್ ಲೆಸ್ಲಿ ಕೋಲ್ಮನ್.

ಕೋಲ್ಮನ್ನರು ನಮ್ಮ ನಾಡಿನವರಲ್ಲ. ಅವರು ಹುಟ್ಟಿದುದು 1878ರಲ್ಲಿ, ದೂರದ ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ. ಟೊರೊಂಟೊ ವಿಶ್ವವಿದ್ಯಾನಿಲಯದಲ್ಲಿ ಪ್ರಕೃತಿವಿಜ್ಞಾನವನ್ನು ವ್ಯಾಸಂಗ ಮಾಡಿ, ಅನಂತರ ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾನಿಲಯಕ್ಕೆ ತೆರಳಿ ಡಾಕ್ಟರೇಟ್ ಪದವಿಯನ್ನು ಪಡೆದರು. 1908ರಲ್ಲಿ ಮೈಸೂರು ಸರ್ಕಾರವು ಅವರನ್ನು ಬೆಳೆಗಳ ರೋಗ ಮತ್ತು ಕೀಟಗಳ ತಜ್ಞರನ್ನಾಗಿ ನೇಮಿಸಿಕೊಂಡಿತು. ಆಗ ಅವರಿಗೆ ಮೂವತ್ತು ವರ್ಷ. ಹಿಮ ಬೀಳುವ ನಾಡಿನಿಂದ ಬಂದ ಆ ತರುಣನು ರಾಗಿ, ಜೋಳ, ಅಡಿಕೆ, ಭತ್ತಗಳ ನಾಡಿನಲ್ಲಿ ತನ್ನ ಬಾಳಿನ ಒಂದು ದೊಡ್ಡ ಭಾಗವನ್ನು ಕಳೆಯುವನೆಂದು ಆಗ ಯಾರೂ ಎಣಿಸಿರಲಾರರು.

ಆ ಕಾಲದಲ್ಲಿ ನಮ್ಮಲ್ಲಿ ವೈಜ್ಞಾನಿಕ ಕೃಷಿಯೆಂಬುದು ಇನ್ನೂ ಎಳೆಯ ಸಸಿಯಾಗಿದ್ದಿತು. ಬೆಂಗಳೂರಿನ ಹೆಬ್ಬಾಳದಲ್ಲಿ ಪ್ರಯೋಗಕ್ಷೇತ್ರಕ್ಕಾಗಿ 1899ರಲ್ಲಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಮೂವತ್ತು ಎಕರೆ ಭೂಮಿಯನ್ನು ದಾನವಾಗಿ ಕೊಟ್ಟಿದ್ದರು. ರಸಾಯನಶಾಸ್ತ್ರಜ್ಞರಾದ ಡಾಕ್ಟರ್ ಲೇಮನ್ನರು ಅಲ್ಲಿ ಮಣ್ಣು ಮತ್ತು ಗೊಬ್ಬರಗಳ ಪರೀಕ್ಷೆಯನ್ನು ಆರಂಭಿಸಿದ್ದರು. ಆದರೆ ಬೆಳೆಗೆ ತಗಲುವ ರೋಗಗಳನ್ನೂ ಹುಳುಗಳನ್ನೂ ಕುರಿತು ತಿಳಿದವರು ವಿರಳವಾಗಿದ್ದರು. ಹುಳು ಬಿದ್ದರೆ ಅದು ದೈವದ ಮುನಿಸೆಂದು ರೈತನು ತಲೆಯ ಮೇಲೆ ಕೈಯಿಟ್ಟು ಕುಳಿತುಕೊಳ್ಳುತ್ತಿದ್ದನು.

ಕೋಲ್ಮನ್ನರ ಹೆಸರು ಮೊದಲು ಬೆಳಗಿದುದು ಮಲೆನಾಡಿನಲ್ಲಿ. ಅಲ್ಲಿ ಮಳೆಗಾಲದ ಜಡಿಮಳೆಯಲ್ಲಿ ಅಡಿಕೆಯ ಎಳೆಗಾಯಿಗಳು ಕೊಳೆತು ಉದುರಿ, ತೋಟಗಾರರ ವರ್ಷದ ಗಳಿಕೆಯೆಲ್ಲ ನೆಲದ ಪಾಲಾಗುತ್ತಿದ್ದಿತು. ಈ ಕೊಳೆರೋಗಕ್ಕೆ ಕಣ್ಣಿಗೆ ಕಾಣದ, ಶಿಲೀಂಧ್ರವನ್ನು ಹೋಲುವ ಒಂದು ಬಗೆಯ ಸೂಕ್ಷ್ಮಜೀವಿಯೇ ಕಾರಣವೆಂಬುದನ್ನು ಅವರು ಸಿದ್ಧಪಡಿಸಿ, 1910ರಲ್ಲಿ ಅದನ್ನು ಕುರಿತು ವಿವರವಾದ ವರದಿಯನ್ನು ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣವನ್ನು ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮುನ್ನ ಗೊನೆಗಳಿಗೆ ಸಿಂಪಡಿಸುವುದನ್ನು ಬಳಕೆಗೆ ತಂದರು. ಇಂದಿಗೂ ಅಡಿಕೆಯ ತೋಟಗಳಲ್ಲಿ ಮಳೆಗಾಲದ ಹೊಸ್ತಿಲಲ್ಲಿ ಈ ಸಿಂಪರಣೆ ನಡೆಯುತ್ತದೆ.

ಬಯಲುಸೀಮೆಯ ಜೋಳದ ಹೊಲಗಳಲ್ಲಿ ಅವರನ್ನು ಇನ್ನೊಂದು ಪೀಡೆ ಎದುರುಗೊಂಡಿತು. ಅದು ಹಾರಲಾರದ ಒಂದು ಮಿಡತೆ. ಆ ಮಿಡತೆಯು ಎಲ್ಲಿ ಮೊಟ್ಟೆಯಿಡುತ್ತದೆ, ಯಾವಾಗ ಮರಿಯಾಗುತ್ತದೆ, ಎಷ್ಟು ದಿನ ಬಾಳುತ್ತದೆ ಎಂಬುದನ್ನೆಲ್ಲ ಅವರು ಹೊಲದಲ್ಲಿಯೇ ನಿಂತು ಗಮನಿಸಿ ಬರೆದರು. ಅದು ವಿಜ್ಞಾನಲೋಕಕ್ಕೆ ಹೊಸದಾದ ಜೀವಿಯೆಂದು ತಿಳಿದುಬಂದಾಗ, ಸ್ಪೇನ್ ದೇಶದ ವಿದ್ವಾಂಸರಾದ ಬೊಲಿವಾರರು ಅದರ ಕುಲಕ್ಕೆ ಕೋಲ್ಮೇನಿಯ ಎಂಬ ಹೆಸರನ್ನಿಟ್ಟರು. ಅರಸರ ಹೆಸರು ಕೋಟೆಕೊತ್ತಲಗಳ ಮೇಲೆ ಉಳಿಯುತ್ತದೆ. ಕೋಲ್ಮನ್ನರ ಹೆಸರು ಜೋಳದ ಹೊಲದ ಒಂದು ಮಿಡತೆಯಲ್ಲಿ ಉಳಿದಿದೆ.

ಈ ಕಾರ್ಯದಲ್ಲಿ ಅವರಿಗೆ ಒಬ್ಬ ಸಮರ್ಥರಾದ ಸಹಾಯಕರು ದೊರೆತರು. ಅವರೇ ಕಣ್ಣೂರಿನವರಾದ ಕುಂಞಿಕಣ್ಣನ್ನರು. ಮುಂದೆ ಅವರು ಮೈಸೂರು ಸರ್ಕಾರದ ಕೀಟಶಾಸ್ತ್ರಜ್ಞರಾದರು. ಬಡ ರೈತನ ಕೈಗೆ ಎಟುಕುವ ಅಗ್ಗದ ಉಪಾಯಗಳನ್ನು ಹುಡುಕುವುದೇ ಅವರ ವ್ರತವಾಗಿದ್ದಿತು. ಹುಳುವನ್ನು ಕೊಲ್ಲುವ ಮುನ್ನ ಅದನ್ನು ಅರಿಯಬೇಕೆಂಬುದು ಈ ಇಬ್ಬರ ಕೆಲಸದಲ್ಲಿಯೂ ಕಾಣುವ ನಿಯಮ. ಹುಳುವಿನ ಬಾಳಿನಲ್ಲಿ ಅದು ದುರ್ಬಲವಾಗಿರುವ ಒಂದು ಗಳಿಗೆ ಇದ್ದೇ ಇರುತ್ತದೆ. ಆ ಗಳಿಗೆಯನ್ನು ಕಂಡುಹಿಡಿದರೆ ಅರ್ಧ ಯುದ್ಧವನ್ನು ಗೆದ್ದಂತೆಯೇ ಸರಿ.

ಇದಕ್ಕೆ ಕಂಬಳಿಹುಳುವಿನ ಬಾಳೇ ಒಳ್ಳೆಯ ನಿದರ್ಶನ. ಮಳೆಯನ್ನೇ ನಂಬಿದ ಹೊಲಗಳಲ್ಲಿ ರಾಗಿ, ಕಡಲೆಕಾಯಿ, ಹುರುಳಿಗಳು ಮೊಳೆತು ಹಸುರಾಗುವ ಹೊತ್ತಿಗೆ ಕೂದಲು ತುಂಬಿದ ಈ ಹುಳುಗಳು ದಂಡುಕಟ್ಟಿಕೊಂಡು ಬಂದು ಪೈರನ್ನೆಲ್ಲ ಬೋಳಿಸಿ ಮುಂದಿನ ಹೊಲಕ್ಕೆ ಸಾಗುತ್ತವೆ. ಅವು ಎಲ್ಲಿಂದ ಬಂದವೆಂದು ರೈತನಿಗೆ ಬೆರಗು. ನಿಜದಲ್ಲಿ ಅವು ಆ ನೆಲದಲ್ಲಿಯೇ ಇದ್ದವು. ಬೆಳೆದ ಹುಳು ಮಣ್ಣಿನೊಳಗೆ ಹೊಕ್ಕು ಕೋಶವಾಗಿ ಸುಮಾರು ಹತ್ತು ತಿಂಗಳು ನಿದ್ರಿಸುತ್ತದೆ. ಮುಂಗಾರಿನ ಹದಮಳೆ ಬಿದ್ದೊಡನೆ ಪತಂಗವಾಗಿ ಹೊರಬಂದು, ಎಲೆಗಳ ಮೇಲೆ ಗುಂಪು ಗುಂಪಾಗಿ ಮೊಟ್ಟೆಯಿಡುತ್ತದೆ. ಒಂದೊಂದು ಹೆಣ್ಣು ಪತಂಗವು 600ರಿಂದ 700 ಮೊಟ್ಟೆಗಳನ್ನಿಡಬಲ್ಲುದು. ಬೆಳೆದ ಹುಳುವಿನ ದಂಡನ್ನು ತಡೆಯುವುದು ಕಷ್ಟ. ಆದರೆ ಮೊದಲ ಮಳೆಯ ಬಳಿಕ ಕೆಲವು ರಾತ್ರಿ ಹೊಲದ ಬದುವಿನಲ್ಲಿ ದೀಪವನ್ನೋ ಬೆಂಕಿಯನ್ನೋ ಹೊತ್ತಿಸಿದರೆ ಪತಂಗಗಳು ತಾವಾಗಿಯೇ ಬಂದು ಬೀಳುತ್ತವೆ. ಮೊಟ್ಟೆಯ ಗುಂಪುಗಳನ್ನು ಆರಿಸಿ ನಾಶಮಾಡುವುದೂ, ಬೇಸಗೆಯಲ್ಲಿ ಆಳವಾಗಿ ಉತ್ತು ಕೋಶಗಳನ್ನು ಬಿಸಿಲಿಗೂ ಹಕ್ಕಿಗಳಿಗೂ ಒಡ್ಡುವುದೂ ಸುಲಭ. ಆ ಕೆಲವು ದಿನಗಳು ಯಾವುವು ಎಂಬುದನ್ನು ತಿಳಿಸಬಲ್ಲುದು ಹಿಂದಿನ ವರ್ಷಗಳ ದಾಖಲೆಯೊಂದೇ.

1913ರಲ್ಲಿ ಕೋಲ್ಮನ್ನರು ಮೈಸೂರಿನ ಕೃಷಿ ಇಲಾಖೆಯ ನಿರ್ದೇಶಕರಾದರು. ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರು ಆಳುತ್ತಿದ್ದ ಕಾಲವದು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿಶಾಲೆ ತೆರೆಯಿತು. ಬೇರೆ ಬೇರೆ ಸೀಮೆಗಳಲ್ಲಿ ಅಲ್ಲಲ್ಲಿನ ಮಣ್ಣು ಮತ್ತು ಬೆಳೆಗೆ ತಕ್ಕ ಪ್ರಯೋಗಕ್ಷೇತ್ರಗಳು ಹುಟ್ಟಿಕೊಂಡವು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರವು ಆರಂಭವಾಯಿತು. ಎಲ್ಲ ಊರಿಗೂ ಒಂದೇ ಮದ್ದು ಸಲ್ಲದೆಂಬುದನ್ನೂ, ಆಯಾ ನೆಲದ ಅನುಭವವನ್ನು ಆಯಾ ನೆಲದಲ್ಲಿಯೇ ಸಂಗ್ರಹಿಸಬೇಕೆಂಬುದನ್ನೂ ಅವರ ಆಡಳಿತದ ಕಾಲದ ಈ ಕೇಂದ್ರಗಳು ಸಾರಿ ಹೇಳುತ್ತವೆ.

ಆದರೆ ಕೋಲ್ಮನ್ನರ ಹೆಸರು ಇಂದು ಜನರ ಬಾಯಲ್ಲಿ ಹೆಚ್ಚಾಗಿ ಕೇಳಿಬರುವುದು ಮಂಡ್ಯದಲ್ಲಿ. ಇಂದು ಹಸುರು ಕಡಲಿನಂತೆ ಕಾಣುವ ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲು ಒಂದು ಕಾಲದಲ್ಲಿ ಬಹುಪಾಲು ಬೆದ್ದಲು ಭೂಮಿಯಾಗಿದ್ದಿತು. ಕೆರೆಯ ಕೆಳಗೆ ಒಂದಿಷ್ಟು ಗದ್ದೆ, ಉಳಿದುದೆಲ್ಲ ರಾಗಿ, ಹುರುಳಿಗಳ ಹೊಲ. ಮಳೆ ಕೈಕೊಟ್ಟರೆ ಗುಳೆ ಹೋಗುವುದೇ ಗತಿ. 1911ರಲ್ಲಿ ಕನ್ನಂಬಾಡಿಯಲ್ಲಿ ಕಾವೇರಿಗೆ ಅಣೆಕಟ್ಟನ್ನು ಕಟ್ಟುವ ಕೆಲಸ ಮೊದಲಾಯಿತು. ಇಂದು ನಾವು ವಿಶ್ವೇಶ್ವರಯ್ಯ ನಾಲೆಯೆಂದು ಕರೆಯುವ, ಅಂದು ಇರ್ವಿನ್ ನಾಲೆಯೆಂದು ಹೆಸರಾಗಿದ್ದ ಕಾಲುವೆಯು 1930ರ ದಶಕದ ಆರಂಭದಲ್ಲಿ ಈ ಸೀಮೆಗೆ ನೀರನ್ನು ತಂದಿತು.

ನೀರು ಬಂದಿತೆಂದ ಮಾತ್ರಕ್ಕೆ ಸಮೃದ್ಧಿ ಬಂದಂತಾಗುವುದಿಲ್ಲ. ಆ ನೀರಿನಲ್ಲಿ ಏನನ್ನು ಬೆಳೆಯಬೇಕು, ಹೇಗೆ ಬೆಳೆಯಬೇಕು, ಬೆಳೆದುದನ್ನು ಯಾರಿಗೆ ಮಾರಬೇಕು ಎಂಬುದು ರೈತನಿಗೆ ತಿಳಿಯಬೇಕು. ಇದನ್ನರಿತ ಕೋಲ್ಮನ್ನರು 1931ರಲ್ಲಿ ಮಂಡ್ಯದ ಬಳಿ ನಾಲಾ ಪ್ರದೇಶಕ್ಕೆಂದೇ ಒಂದು ಪ್ರಯೋಗಕ್ಷೇತ್ರವನ್ನು ತೆರೆದರು. ಇಂದು ವಿ.ಸಿ. ಫಾರಂ ಎಂದು ಮನೆಮಾತಾಗಿರುವ ಸ್ಥಳವೇ ಅದು. ನಾಲೆಯ ಬಯಲಿನಲ್ಲಿ ಕಬ್ಬು ಹುಲುಸಾಗಿ ಬೆಳೆಯಬಲ್ಲುದೆಂದೂ, ಕಾರ್ಖಾನೆಯೊಂದು ಕೈಯಳತೆಯಲ್ಲಿದ್ದರೆ ರೈತನ ಕಬ್ಬಿಗೆ ನಿಶ್ಚಿತವಾದ ಮಾರುಕಟ್ಟೆ ದೊರೆಯುವುದೆಂದೂ ಅವರು ಮನಗಂಡಿದ್ದರು. 1933ರಲ್ಲಿ ಸ್ಥಾಪಿತವಾದ ಮಂಡ್ಯದ ಮೈಸೂರು ಸಕ್ಕರೆ ಕಂಪನಿಗೆ ಅವರ ಪ್ರಯತ್ನವೂ ಸಲಹೆಯೂ ಬಹುಮಟ್ಟಿಗೆ ಕಾರಣ. ಮುಂದೆ 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ಬರಗಾಲಕ್ಕೆ ಅಂಜುತ್ತಿದ್ದ ಸೀಮೆ ಸಕ್ಕರೆಯ ನಾಡಾಯಿತು.

ಭೂಮಿಯ ಬೆಳೆ ಬದಲಾದಾಗ ಆ ಭೂಮಿಯ ಪತಂಗಗಳ ಭಾಗ್ಯವೂ ಬದಲಾಗುತ್ತದೆ. ವರ್ಷದ ಬಹುಭಾಗ ಒಣಮಣ್ಣಿನಲ್ಲಿ ನಿದ್ರಿಸಬೇಕಾದ ಕಂಬಳಿಹುಳುವಿಗೆ ನೀರು ನಿಂತ ಗದ್ದೆಯಲ್ಲಿ ಎಡೆಯೆಲ್ಲಿ? ಅದು ಮಳೆಯಾಶ್ರಯದ ಹೊಲಗಳಲ್ಲಿ ಮಾತ್ರ ನೆಲೆಯನ್ನು ಕಾಣಬೇಕಾಯಿತು. ಅದರ ಬದಲು ಬೇರೆ ಪತಂಗಗಳಿಗೆ ಹಬ್ಬ ಬಂದಿತು. ಕಬ್ಬಿನ ಎಳೆಯ ಮೊಳಕೆಯನ್ನು ಕೊರೆಯುವುದು ಒಂದು, ಸುಳಿಯನ್ನು ಕೊರೆಯುವುದು ಇನ್ನೊಂದು, ಗಿಣ್ಣುಗಳ ನಡುವೆ ಹೊಕ್ಕು ರಸವನ್ನು ಕೆಡಿಸುವುದು ಮತ್ತೊಂದು. ಇವೆಲ್ಲವೂ ಪತಂಗಗಳ ಮರಿಗಳೇ. ಭತ್ತದ ಗದ್ದೆಯಲ್ಲಿ ಹಳದಿ ಬಣ್ಣದ ಪುಟ್ಟ ಪತಂಗದ ಮರಿಯು ಕಾಂಡವನ್ನು ಕೊರೆದು, ಎಳೆಪೈರಿನ ಸುಳಿಯನ್ನು ಒಣಗಿಸುತ್ತದೆ. ತೆನೆ ಬರುವ ಕಾಲದಲ್ಲಿ ಬಿದ್ದರೆ ತೆನೆಯು ಕಾಳುಕಟ್ಟದೆ ಬೆಳ್ಳಗೆ ಜೊಳ್ಳಾಗಿ ನಿಲ್ಲುತ್ತದೆ. ಹಿಂದೆ ಕೆರೆಯ ಕೆಳಗಿನ ಗದ್ದೆಗಳಲ್ಲಿ ಅಲ್ಪಸ್ವಲ್ಪವಾಗಿದ್ದ ಇಂತಹ ಪತಂಗಗಳಿಗೆ ಹರದಾರಿಗಟ್ಟಲೆ ಹಬ್ಬಿದ ಕಬ್ಬು, ಭತ್ತಗಳು ಮುಗಿಯದ ಉಗ್ರಾಣವಾದುವು. ಮನುಷ್ಯನು ತನಗಾಗಿ ತಂದ ನೀರು ಅವುಗಳಿಗೂ ಹರಿಯಿತು.

ಇದಕ್ಕೆ ಪ್ರತೀಕಾರವನ್ನು ಕೂಡ ಪ್ರಕೃತಿಯಲ್ಲಿಯೇ ಹುಡುಕಲಾಯಿತು. ಟ್ರೈಕೊಗ್ರಾಮ ಎಂಬುದು ಒಂದು ಮಿಲಿಮೀಟರಿಗಿಂತಲೂ ಚಿಕ್ಕದಾದ ಕಣಜ. ಅದು ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆಯನ್ನಿಡುತ್ತದೆ. ಹುಳು ಹೊರಬರಬೇಕಾದ ಮೊಟ್ಟೆಯಿಂದ ಕಣಜ ಹೊರಬರುತ್ತದೆ. 1930ರ ದಶಕದಲ್ಲಿ ಮೈಸೂರು ಕೃಷಿ ಇಲಾಖೆಯ ಕೀಟಶಾಸ್ತ್ರಜ್ಞರಾದ ಟಿ. ವಿ. ಸುಬ್ರಹ್ಮಣ್ಯಂ ಅವರು ಈ ಕಣಜಗಳನ್ನು ದೊಡ್ಡ ಸಂಖ್ಯೆಯಲ್ಲಿ ಸಾಕಿ ಕಬ್ಬಿನ ಕೊರಕಗಳ ಮೇಲೆ ಪ್ರಯೋಗಿಸಿದರು. ಕೋಲ್ಮನ್ ಮತ್ತು ಕುಂಞಿಕಣ್ಣನ್ನರು ನೆಟ್ಟ ಮರದ ಫಲವೆಂದು ಇದನ್ನು ಹೇಳಬಹುದು. ಇಂದು ಅಕ್ಕಿಯ ಪತಂಗದ ಮೊಟ್ಟೆಗಳಲ್ಲಿ ಈ ಕಣಜವನ್ನು ಬೆಳೆಸಿ, ಆ ಮೊಟ್ಟೆಗಳನ್ನು ರಟ್ಟಿನ ಚೂರುಗಳಿಗೆ ಅಂಟಿಸಿ ಕಬ್ಬಿನ ಗರಿಗಳಿಗೆ ಕಟ್ಟುತ್ತಾರೆ. ಒಂದು ಪತಂಗವನ್ನು ಗೆಲ್ಲಲು ಇನ್ನೊಂದು ಪತಂಗದ ನೆರವು!

ಪತಂಗಗಳೆಲ್ಲ ನಮ್ಮ ಶತ್ರುಗಳೆಂದು ಇದರಿಂದ ತಿಳಿಯಬಾರದು. ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಎಷ್ಟೋ ಸಂಸಾರಗಳು ರೇಷ್ಮೆಯನ್ನು ನಂಬಿ ಬದುಕುತ್ತಿವೆ. ಹಿಪ್ಪುನೇರಳೆಯ ಸೊಪ್ಪನ್ನು ಮೇಯ್ದು ಚಂದ್ರಿಕೆಯಲ್ಲಿ ಗೂಡು ಕಟ್ಟುವ ಆ ಹುಳುವೂ ಪತಂಗದ ಮರಿಯೇ. ಸಾವಿರಾರು ವರ್ಷ ಮನುಷ್ಯನ ಆಶ್ರಯದಲ್ಲಿ ಬಾಳಿ ಆ ಪತಂಗವು ಹಾರುವುದನ್ನೇ ಮರೆತಿದೆ. ಇನ್ನು ಎಷ್ಟೋ ಪತಂಗಗಳು ಯಾರಿಗೂ ಕೇಡು ಮಾಡದೆ, ಇರುಳಿನಲ್ಲಿ ಅರಳುವ ಹೂಗಳಿಗೆ ಪರಾಗವನ್ನು ಮುಟ್ಟಿಸಿ, ಬಾವಲಿಗಳಿಗೂ ಹಕ್ಕಿಗಳಿಗೂ ಆಹಾರವಾಗಿ ಬಾಳುತ್ತವೆ. ಮಿತ್ರ ಯಾವುದು, ಶತ್ರು ಯಾವುದು ಎಂಬುದನ್ನು ಅರಿಯದೆ ಎಲ್ಲಕ್ಕೂ ವಿಷವನ್ನು ಸುರಿದರೆ ಕೊರಕದ ಜೊತೆಗೆ ಕಣಜವೂ ಸಾಯುತ್ತದೆ. ಪಕ್ಕದ ತೋಟದ ಹಿಪ್ಪುನೇರಳೆಯ ಮೇಲೆ ಆ ವಿಷದ ಹನಿ ಬಿದ್ದರೆ ರೇಷ್ಮೆಹುಳುವಿನ ಗತಿಯೂ ಅಷ್ಟೆ.

1934ರಲ್ಲಿ ಕೋಲ್ಮನ್ನರು ಮೈಸೂರಿನ ಸೇವೆಯಿಂದ ನಿವೃತ್ತರಾಗಿ ಸ್ವದೇಶಕ್ಕೆ ಮರಳಿದರು. ಕುಂಞಿಕಣ್ಣನ್ನರು ಅದಕ್ಕೂ ಮೊದಲೇ, 1931ರಲ್ಲಿ ತೀರಿಕೊಂಡಿದ್ದರು. ಕೋಲ್ಮನ್ನರು ನಿಧನರಾದುದು 1954ರಲ್ಲಿ. ಆದರೆ ಅವರು ಹಾಕಿದ ತಳಹದಿಯ ಮೇಲೆ ಕಟ್ಟಡವು ಏಳುತ್ತಲೇ ಬಂದಿದೆ. ಹೆಬ್ಬಾಳದ ಕೃಷಿಶಾಲೆಯು 1946ರಲ್ಲಿ ಕಾಲೇಜಾಯಿತು. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಮಂಡ್ಯದ ವಿ.ಸಿ. ಫಾರಂ ಕೃಷಿ ಶಿಕ್ಷಣದ ಮತ್ತು ಸಂಶೋಧನೆಯ ಕೇಂದ್ರವಾಗಿ ಬೆಳೆದಿದೆ. ದೇಶದ ನಾನಾ ಭಾಗಗಳ ಕೀಟಗಳನ್ನು ಗುರುತಿಸಿ ಸಂಗ್ರಹಿಸುವ ರಾಷ್ಟ್ರೀಯ ಸಂಸ್ಥೆಯೂ ಇಂದು ಅದೇ ಹೆಬ್ಬಾಳದಲ್ಲಿದೆ.

ಈ ಬಗೆಯ ದಾಖಲೆ ಏಕೆ ಬೇಕೆಂಬುದಕ್ಕೆ ಈಚಿನ ಒಂದು ಸಂಗತಿಯೇ ಸಾಕ್ಷಿ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮುಸುಕಿನ ಜೋಳದ ಹೊಲಗಳಲ್ಲಿ ಅಪರಿಚಿತವಾದ ಒಂದು ಹುಳು ಕಾಣಿಸಿತು. ಅದನ್ನು ಪರೀಕ್ಷಿಸಿದ ಕೃಷಿವಿಜ್ಞಾನಿಗಳು ಅದು ಅಮೆರಿಕ ಖಂಡಗಳ ಸೈನಿಕಹುಳುವೆಂದೂ, ಭಾರತದಲ್ಲಿ ಅದು ಹಿಂದೆ ಕಂಡುಬಂದಿರಲಿಲ್ಲವೆಂದೂ ತಿಳಿಸಿದರು. ಅಲ್ಪಕಾಲದಲ್ಲಿಯೇ ಅದು ದೇಶದ ಉದ್ದಗಲಕ್ಕೂ ಹರಡಿತು. ಇಲ್ಲಿ ಯಾವ ಯಾವ ಪತಂಗಗಳಿದ್ದುವೆಂಬುದನ್ನು ಹಿಂದಿನವರು ಬರೆದಿಟ್ಟಿದ್ದರಿಂದಲೇ ಇದು ಹೊಸದೆಂದು ಹೇಳಲು ಸಾಧ್ಯವಾಯಿತು. ಹಳೆಯದನ್ನು ಬಲ್ಲವನು ಮಾತ್ರ ಹೊಸದನ್ನು ಗುರುತಿಸಬಲ್ಲನು.

ಕೋಲ್ಮನ್ನರು ಪರನಾಡಿನಲ್ಲಿ ಹುಟ್ಟಿ, ನಮ್ಮ ನಾಡಿನ ಮಣ್ಣನ್ನೂ ಬೆಳೆಯನ್ನೂ ಹುಳುವನ್ನೂ ಆದರದಿಂದ ಅರಿತರು. ಇಲ್ಲಿಯೇ ಹುಟ್ಟಿ ಬೆಳೆದ ನಮಗೆ ಅದು ಅಸಾಧ್ಯವೇನೂ ಅಲ್ಲ. ಮುಂದಿನ ಮುಂಗಾರಿನ ಮೊದಲ ಮಳೆಯ ರಾತ್ರಿ ದೀಪದ ಬಳಿಗೆ ಬಂದ ಪತಂಗವನ್ನು ಕಂಡಾಗ, ಅದರ ಬಣ್ಣವನ್ನೂ ಗುರುತನ್ನೂ, ಊರಿನ ಹೆಸರನ್ನೂ ಆ ದಿನದ ತಾರೀಖನ್ನೂ ನಿಮ್ಮ ಪುಸ್ತಕದಲ್ಲಿ ಬರೆದಿಡಿರಿ. ವರ್ಷವರ್ಷವೂ ಹಾಗೆ ಬರೆದುದು ಒಂದು ದಿನ ನಿಮ್ಮ ಊರಿನ ಹೊಲಗಳ ಚರಿತ್ರೆಯೇ ಆಗುತ್ತದೆ.