ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು

ಸ್ಮಶಾನವೈರಾಗ್ಯವೆಂಬ ಮಾತು ನಮ್ಮ ನಾಡಿನಲ್ಲಿ ಓದು ಬಾರದವರಿಗೂ ಗೊತ್ತು. ಬಂಧುವೊಬ್ಬನನ್ನು ಮಣ್ಣು ಮಾಡಿ ಹಿಂದಿರುಗುವಾಗ ಮನುಷ್ಯನಿಗೆ ಆಸ್ತಿ, ಜಗಳ, ಅಂತಸ್ತು ಎಲ್ಲವೂ ಹುಲ್ಲುಕಡ್ಡಿಯಂತೆ ತೋರುತ್ತವೆ. ಹೊಳೆಯಲ್ಲಿ ಮಿಂದು ಮನೆಗೆ ಬಂದು, ದೀಪ ನೋಡಿ, ಒಂದು ತುತ್ತು ಉಣ್ಣುವಷ್ಟರಲ್ಲಿ ಆ ಭಾವನೆ ಹೇಳಹೆಸರಿಲ್ಲದಂತೆ ಹೋಗಿರುತ್ತದೆ. ಸಾವಿನ ಅರಿವು ಎಲ್ಲರಿಗೂ ಒಮ್ಮೆ ಬರುತ್ತದೆ. ಅದನ್ನು ಉಳಿಸಿಕೊಂಡು ಕೆಲಸಕ್ಕೆ ಹಚ್ಚುವವರು ವಿರಳ. ಅಂಥ ವಿರಳರಲ್ಲಿ ಒಬ್ಬರು, ಮೈಸೂರು ಸಂಸ್ಥಾನದ ರೀಜೆಂಟ್ ಮಹಾರಾಣಿಯಾಗಿದ್ದ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು. ಅವರ ಜೀವನವನ್ನು ಸಂಗ್ರಹವಾಗಿ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನನ್ನ ಊರು ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳ. ಹೆಸರು ಹೇಳಿದೊಡನೆ ಗೊಮ್ಮಟೇಶ್ವರನ ಊರೇ ಎಂದು ಕೇಳುವವರುಂಟು. ಅದು ಶ್ರವಣಬೆಳಗೊಳ, ನಮ್ಮದು ಕನ್ನಂಬಾಡಿ ಕಟ್ಟೆಗೆ ಸಮೀಪದ, ಕಾವೇರಿಯ ಬಯಲಿನ ಬೆಳಗೊಳ. ಆ ಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ, ಸಾವು ಸಮೀಪಿಸಿದುದನ್ನು ಅರಿತು ಅನ್ನಾಹಾರಗಳನ್ನು ತೊರೆದು ಸಲ್ಲೇಖನ ವ್ರತದಿಂದ ದೇಹ ಬಿಟ್ಟವರ ಹೆಸರುಗಳು ಸಾವಿರಕ್ಕೂ ಮಿಕ್ಕಿದ ವರ್ಷಗಳಿಂದ ನಿಂತಿವೆ. ಸಾವನ್ನು ಅರಿತು ಲೋಕವನ್ನು ಬಿಡುವುದು ಒಂದು ದಾರಿ. ಅರಿತ ಮೇಲೂ ಲೋಕದಲ್ಲಿಯೇ ನಿಂತು, ಇತರರ ಸಾವನ್ನು ಆದಷ್ಟು ದೂರಕ್ಕೆ ತಳ್ಳಲು ದುಡಿಯುವುದು ಇನ್ನೊಂದು ದಾರಿ. ಈ ಎರಡನೆಯ ದಾರಿಯ ಗುರುತೊಂದು ನಮ್ಮ ಬೆಳಗೊಳದ ಕಡೆಯಿಂದ ಮೈಸೂರಿಗೆ ಬರುವ ಕೃಷ್ಣರಾಜಸಾಗರ ರಸ್ತೆಯ ಪಕ್ಕದಲ್ಲಿಯೇ ಇದೆ. ಅದು ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಆಸ್ಪತ್ರೆ. ನಾವು ಪಿ. ಕೆ. ಟಿ. ಬಿ. ಎಂದು ಚುಟುಕಾಗಿ ಕರೆಯುವ ಆ ನಾಲ್ಕು ಅಕ್ಷರಗಳ ಹಿಂದೆ ಒಬ್ಬ ತಾಯಿಯ ದುಃಖವಿದೆ.

ಆ ತಾಯಿಯೇ ನಮ್ಮ ಕಥಾನಾಯಕಿ. ಇವರು ಜನಿಸಿದುದು 1866ರಲ್ಲಿ, ಕಳಲೆಯ ಅರಸು ಮನೆತನದಲ್ಲಿ. 1878ರಲ್ಲಿ, ಹನ್ನೆರಡರ ಎಳೆಯ ಪ್ರಾಯದಲ್ಲಿ, ಹತ್ತನೆಯ ಚಾಮರಾಜೇಂದ್ರ ಒಡೆಯರ ಕೈಹಿಡಿದು ಅರಮನೆಗೆ ಬಂದರು. ಆ ಮದುವೆಯ ಕಾಲದಲ್ಲಿ ನಾಡು ಮಹಾ ಕ್ಷಾಮದಿಂದ ಬಳಲಿತ್ತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಅನ್ನವಿಲ್ಲದೆ, ನೀರಿಲ್ಲದೆ, ರೋಗದಿಂದ ಊರೂರುಗಳೇ ಬರಿದಾಗಿದ್ದವು. 1881ರ ಮಾರ್ಚಿಯಲ್ಲಿ ಬ್ರಿಟಿಷರು ಸಂಸ್ಥಾನವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದಾಗ, ಹದಿನೆಂಟರ ಅರಸರಿಗೂ ಹದಿನೈದರ ರಾಣಿಗೂ ದೊರೆತದ್ದು ಇಂಥ ನಾಡು.

ಹದಿಮೂರು ವರ್ಷಗಳ ಆಳ್ವಿಕೆ ಮುಗಿಯುತ್ತ ಬಂದಾಗ ಬರಸಿಡಿಲು ಬಡಿಯಿತು. ಕಲ್ಕತ್ತೆಗೆ ಹೋಗಿದ್ದ ಮಹಾರಾಜರು ಗಂಟಲಮಾರಿ ರೋಗಕ್ಕೆ ತುತ್ತಾಗಿ 1894ರ ಡಿಸೆಂಬರ್ 28ರಂದು ಅಲ್ಲಿಯೇ ತೀರಿಕೊಂಡರು. ಆಗ ಅವರ ವಯಸ್ಸು ಮೂವತ್ತೊಂದು. ಅಂತ್ಯಕ್ರಿಯೆಯೂ ಅಲ್ಲಿಯ ಕಾಳೀಘಟ್ಟದಲ್ಲಿಯೇ ನಡೆಯಿತು. ವಿಧಿಯ ವಿಪರ್ಯಾಸವನ್ನು ನೋಡಿರಿ: ಗಂಟಲಮಾರಿಗೆ ಜರ್ಮನಿಯ ಬೇರಿಂಗ್ ಮೊದಲಾದ ವಿಜ್ಞಾನಿಗಳು ಕಂಡುಹಿಡಿದ ಮದ್ದು ಅದೇ 1894ರಲ್ಲಿ ಯೂರೋಪಿನ ಆಸ್ಪತ್ರೆಗಳಲ್ಲಿ ಬಳಕೆಗೆ ಬರತೊಡಗಿತ್ತು. ರಾಜ್ಯವೇ ಕೈಯಲ್ಲಿದ್ದರೂ ಕಾಲವನ್ನು ಕೊಳ್ಳುವುದು ಯಾರಿಂದಲೂ ಆಗದು.

ಮಹಾರಾಣಿಯವರಿಗೆ ಆಗ ಇಪ್ಪತ್ತೆಂಟು ವರ್ಷ. ಮೂವರು ಹೆಣ್ಣುಮಕ್ಕಳು, ಇಬ್ಬರು ಗಂಡುಮಕ್ಕಳು. ಹಿರಿಯ ಮಗ ಕೃಷ್ಣರಾಜ ಒಡೆಯರಿಗೆ ಹತ್ತೇ ವರ್ಷ. ಗಂಡನನ್ನು ಕಳೆದುಕೊಂಡ ಹೆಣ್ಣು ಮೂಲೆ ಹಿಡಿದು ಕುಳಿತುಕೊಳ್ಳಬೇಕು, ಶುಭಕಾರ್ಯಗಳಲ್ಲಿ ಮುಖ ತೋರಿಸಬಾರದು ಎಂಬುದು ಅಂದಿನ ಲೋಕರೂಢಿ. ಬಡವರ ಮನೆಯಲ್ಲಾದರೆ ಹೊಟ್ಟೆಪಾಡಿಗಾಗಿ ಅವಳು ಹೊರಗೆ ಬರಲೇಬೇಕು. ಅರಮನೆಯಲ್ಲಿ ಆ ಒತ್ತಾಯವೂ ಇರಲಿಲ್ಲ. ದುಃಖವನ್ನೇ ಹೊದ್ದು ಉಳಿದ ಆಯುಷ್ಯವನ್ನು ಕಳೆದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ 1895ರಲ್ಲಿ ಬಾಲಕ ಮಹಾರಾಜರ ಪರವಾಗಿ ಸಂಸ್ಥಾನದ ಹೊಣೆಯನ್ನು ಇವರು ಹೊತ್ತರು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರೂ ಆಡಳಿತ ಮಂಡಲಿಯ ಸದಸ್ಯರೂ ನೆರವಿಗಿದ್ದರು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಮಗನಿಗೆ ಹದಿನೆಂಟು ತುಂಬಿದೊಡನೆ ಈ ಅಧಿಕಾರ ಮುಗಿಯುವುದೆಂದು ಮೊದಲ ದಿನದಿಂದಲೇ ನಿಶ್ಚಯವಾಗಿತ್ತು. ಸಾವಿಗೆ ತಿಥಿ ಗೊತ್ತಿಲ್ಲ. ಈ ಅಧಿಕಾರಕ್ಕೆ ಮಾತ್ರ ಗೊತ್ತಿತ್ತು. ಮುಗಿಯುವ ಕಾಲವನ್ನು ಮುಂದಿಟ್ಟುಕೊಂಡು ಕುಳಿತವರು ಎರಡು ಬಗೆಯಲ್ಲಿ ನಡೆಯಬಹುದು: ಹೇಗೋ ದಿನ ತಳ್ಳಬಹುದು, ಇಲ್ಲವೆ ಒಂದೊಂದು ದಿನವನ್ನೂ ಎಣಿಸಿ ಖರ್ಚು ಮಾಡಬಹುದು. ಈ ಏಳು ವರ್ಷಗಳ ಕೆಲಸಗಳು ಇವರು ಯಾವ ಬಗೆಯವರೆಂಬುದನ್ನು ತಾವೇ ಹೇಳುತ್ತವೆ.

ವಿಪತ್ತುಗಳು ಒಂದರ ಬೆನ್ನಿಗೆ ಒಂದು ಬಂದವು. 1897ರ ಫೆಬ್ರವರಿಯಲ್ಲಿ, ಹಿರಿಯ ಮಗಳು ಜಯಲಕ್ಷಮ್ಮಣ್ಣಿಯವರ ವಿವಾಹದ ಸಂಭ್ರಮದಲ್ಲಿಯೇ, ಮೈಸೂರಿನ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಹೊಸ ಅರಮನೆಯ ಕೆಲಸ ಅದೇ ವರ್ಷ ಆರಂಭವಾಗಿ 1912ರಲ್ಲಿ ಮುಗಿಯಿತು. ಮನೆ ಸುಟ್ಟು ನಾಲ್ಕೇ ತಿಂಗಳು ಕಳೆದಿತ್ತು. ಜೂನ್ ತಿಂಗಳಿನಲ್ಲಿ ಇವರು ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಗೆ ಅಸ್ತಿಭಾರದ ಕಲ್ಲಿಟ್ಟರು. 1900ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ ಅದನ್ನು ತೆರೆದರು. ಇಂದಿಗೂ ಎಷ್ಟೋ ದೂರದ ಹಳ್ಳಿಗಳ ಬಡವರು ಅದರ ಬಾಗಿಲಿಗೆ ಬರುತ್ತಾರೆ.

ಆಸ್ಪತ್ರೆಯ ಗೋಡೆಗಳು ಏಳುತ್ತಿರುವಾಗಲೇ 1898ರಲ್ಲಿ ಪ್ಲೇಗು ಸಂಸ್ಥಾನವನ್ನು ಹೊಕ್ಕಿತು. ಇಲಿ ಬಿದ್ದ ಮನೆಯನ್ನು ಬಿಟ್ಟು ಜನರು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬದುಕಿದ ಕಥೆಗಳು ನಮ್ಮ ಕಡೆಯ ಊರುಗಳಲ್ಲಿ ಬಾಯಿಂದ ಬಾಯಿಗೆ ಬಂದಿವೆ. ವಿ. ಪಿ. ಮಾಧವರಾಯರು ಪ್ಲೇಗು ಕಮಿಷನರಾಗಿ ದುಡಿದರು. ರೋಗಿಗಳನ್ನು ಬೇರೆಡೆಗೆ ಒಯ್ಯುವ ಕ್ರಮಗಳಿಗೆ ಹೆದರಿ ಜನರು ತಿರುಗಿಬಿದ್ದದ್ದೂ ಉಂಟು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಗಲಭೆಯೇ ಆಯಿತು. ಸಾವಿಗಿಂತ ಸಾವಿನ ಭಯ ಹೆಚ್ಚು ಕೆಡುಕು ಮಾಡಬಲ್ಲದೆಂಬುದಕ್ಕೆ ಇದು ಸಾಕ್ಷಿ. ಅದೇ ಸಾವಿನ ಅರಿವು ವಿವೇಕದ ಕೈಗೆ ಸಿಕ್ಕಾಗ ಏನಾಗುತ್ತದೆಂಬುದನ್ನು ನೋಡಬೇಕಾದರೆ ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳಿಗೆ ಹೋಗಬೇಕು. ಇಕ್ಕಟ್ಟಿನ ಗಲ್ಲಿಗಳಿಂದ ಜನರನ್ನು ಬಿಡಿಸಲು, ಗಾಳಿ ಬೆಳಕು ಬರುವಂತೆ ಅಗಲವಾದ ಬೀದಿಗಳಿಟ್ಟು ಆ ಬಡಾವಣೆಗಳನ್ನು ನಿರ್ಮಿಸಿದುದು ಈ ಕಾಲದಲ್ಲಿಯೇ.

ಕ್ಷಾಮವನ್ನು ಕಂಡಿದ್ದ ನಾಡಿಗೆ ನೀರಿನ ಬೆಲೆ ಗೊತ್ತಿತ್ತು. ಮಳೆ ಕಡಮೆಯಾದ ಚಿತ್ರದುರ್ಗದ ಸೀಮೆಯಲ್ಲಿ, ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಕಟ್ಟೆಯ ಕೆಲಸ 1898ರಲ್ಲಿ, ಪ್ಲೇಗಿನ ವರ್ಷದಲ್ಲಿಯೇ, ಮೊದಲಾಯಿತು. ಅದು ಮುಗಿದದ್ದು 1907ರಲ್ಲಿ, ಇವರು ಅಧಿಕಾರ ಬಿಟ್ಟ ಐದು ವರ್ಷಗಳ ಮೇಲೆ. ತನ್ನ ಅವಧಿಯಲ್ಲಿ ಫಲ ಕಾಣದ ಕೆಲಸವನ್ನು ಆರಂಭಿಸುವುದು ತಾನು ಶಾಶ್ವತನಲ್ಲ, ನಾಡು ಮಾತ್ರ ಮುಂದುವರಿಯುತ್ತದೆ ಎಂದು ಬಲ್ಲವರಿಗೆ ಸಾಧ್ಯ. ಆ ಜಲಾಶಯಕ್ಕೆ ವಾಣೀವಿಲಾಸ ಸಾಗರವೆಂಬ ಹೆಸರು ಬಂದುದು ಯುಕ್ತವೇ ಆಗಿದೆ. ಶಿವನಸಮುದ್ರದ ವಿದ್ಯುತ್ತು 1902ರ ಜೂನಿನಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅದೇ ವರ್ಷದ ಆಗಸ್ಟ್ 8ರಂದು ಇವರು ಮಗನಿಗೆ ರಾಜ್ಯವನ್ನು ಒಪ್ಪಿಸಿ ಹಿಂದೆ ಸರಿದರು. ಆಗ ಇವರಿಗೆ ಮೂವತ್ತಾರೇ ವರ್ಷ. ಅಧಿಕಾರವನ್ನು ಹಿಡಿಯುವಾಗ ಬೇಕಾಗುವ ಧೈರ್ಯಕ್ಕಿಂತ ಹೊತ್ತಿಗೆ ಸರಿಯಾಗಿ ಬಿಡುವಾಗ ಬೇಕಾಗುವ ಧೈರ್ಯ ದೊಡ್ಡದು.

ಸಾವು ಮತ್ತೆ ಇವರ ಮನೆಯ ಬಾಗಿಲನ್ನು ತಟ್ಟಿತು. ಮಗಳು ಕೃಷ್ಣಾಜಮ್ಮಣ್ಣಿಯವರನ್ನೂ ಆಕೆಯ ಹೆಣ್ಣುಮಕ್ಕಳನ್ನೂ ಕ್ಷಯರೋಗ ಕೊಂಡೊಯ್ದಿತು. ರೋಗಾಣುವನ್ನು ಕಾಖ್ ಎಂಬ ವಿಜ್ಞಾನಿಯು 1882ರಲ್ಲಿಯೇ ಕಂಡುಹಿಡಿದಿದ್ದರೂ ಅದನ್ನು ಕೊಲ್ಲುವ ಔಷಧ ದೊರೆಯಲು 1940ರ ದಶಕದವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಒಳ್ಳೆಯ ಗಾಳಿ, ಬಿಸಿಲು, ಪುಷ್ಟಿಯಾದ ಆಹಾರ, ವಿಶ್ರಾಂತಿ ಇವೇ ಮದ್ದು. ಬಡವರಿಗೆ ಇವು ಎಲ್ಲಿಂದ ಬರಬೇಕು? ಊರಾಚೆಯ ಬಯಲಿನಲ್ಲಿ ಅವನ್ನು ಎಲ್ಲರಿಗೂ ಒದಗಿಸುವ ಆಸ್ಪತ್ರೆ 1921ರಲ್ಲಿ ರಾಜಕುಮಾರಿಯ ಹೆಸರಿನಲ್ಲಿ ತೆರೆಯಿತು. ಸತ್ತವರಿಗೆ ಗೋರಿ ಕಟ್ಟಿಸಿದ ಅರಸರು ಬಹಳ ಮಂದಿ. ಈ ತಾಯಿಯ ಮನೆತನ ಮಗಳ ಹೆಸರನ್ನು ಬದುಕಲು ಹೋರಾಡುವವರ ತಲೆದಿಂಬಿನ ಬಳಿ ಇರಿಸಿತು.

ಇಷ್ಟನ್ನೂ ಓದಿದ ಸಹಪಾಠಿಗಳು ಒಂದು ಆಕ್ಷೇಪವನ್ನು ಎತ್ತಬಹುದು. ಅವರು ರಾಣಿ, ಬೊಕ್ಕಸವಿತ್ತು, ದಿವಾನರಿದ್ದರು, ಇಂಜಿನಿಯರುಗಳಿದ್ದರು. ಸಾವನ್ನು ನೆನೆದು ಆಸ್ಪತ್ರೆ ಕಟ್ಟಿಸುವುದು ನಮ್ಮಂಥವರಿಂದ ಆಗುವ ಮಾತೇ? ಆಕ್ಷೇಪ ನ್ಯಾಯವಾದದ್ದೇ. ಆ ಕೆಲಸಗಳ ಕೀರ್ತಿಯಲ್ಲಿ ಶೇಷಾದ್ರಿ ಅಯ್ಯರ್ ಅವರಿಗೂ ಹೆಸರಿಲ್ಲದ ಸಾವಿರಾರು ಕೂಲಿಗಳಿಗೂ ಪಾಲಿದೆ. ಆದರೆ ಅಧಿಕಾರವೂ ಹಣವೂ ಇದ್ದು ಏನನ್ನೂ ಮಾಡದೆ ಹೋದವರು ಚರಿತ್ರೆಯಲ್ಲಿ ತುಂಬಿದ್ದಾರೆ. ಬೊಕ್ಕಸ ಕೆಲಸಕ್ಕೆ ಸಾಧನವಾದೀತೇ ಹೊರತು ಪ್ರೇರಣೆಯಾಗಲಾರದು.

ಆ ಪ್ರೇರಣೆ ಬಡವರ ಮನೆಗೂ ಬರುತ್ತದೆಂಬುದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ನಾನು ಹತ್ತನೆಯ ತರಗತಿಯಲ್ಲಿದ್ದಾಗ ನಮ್ಮಪ್ಪ ತೀರಿಕೊಂಡರು. ತಿಥಿಗೆ ಬಂದ ಹಿರಿಯರು ಹುಡುಗಿಯ ಓದು ಸಾಕು, ಒಂದು ಗಂಡು ನೋಡಿ ಎಂದರು. ಹೆಬ್ಬೆಟ್ಟು ಒತ್ತುವ ನಮ್ಮವ್ವ, ತಾನೂ ಒಂದು ದಿನ ಹೋಗುವವಳೇ, ಆಮೇಲೆ ಇವಳ ಕೈಯಲ್ಲಿ ಏನು ಉಳಿಯುತ್ತದೆ ಎಂದು ಅವರನ್ನೇ ಕೇಳಿದಳು. ಅಂದಿನಿಂದ ಗದ್ದೆಯ ನಾಟಿ, ಕಳೆ, ಕುಯಿಲು ಎಂದು ಕೂಲಿ ಮಾಡಿ ನನ್ನನ್ನು ಈ ಕಾಲೇಜಿನವರೆಗೆ ತಂದಿದ್ದಾಳೆ. ನಮ್ಮ ಮನೆತನದಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ಮಹಾರಾಣಿಯವರಿಗೆ ಒಂದು ನಾಡಿನ ಹೊಣೆ, ನಮ್ಮವ್ವನಿಗೆ ಒಂದು ಮಗುವಿನ ಹೊಣೆ. ಅಳತೆ ಬೇರೆ, ಅರಿವು ಒಂದೇ.

ವಾಣೀವಿಲಾಸ ಸನ್ನಿಧಾನದವರು 1934ರ ಜುಲೈ 7ರಂದು ಬೆಂಗಳೂರಿನಲ್ಲಿ ಕಾಲವಾದರು. ಮಾರನೆಯ ವರ್ಷ ಆ ನಗರದಲ್ಲಿ ಇವರ ಹೆಸರಿನ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆ ತೆರೆಯಿತು. ಎಷ್ಟೋ ಸಾವುಗಳನ್ನು ಕಂಡ ಜೀವದ ಹೆಸರು ಹೀಗೆ ಹುಟ್ಟುವ ಶಿಶುಗಳ ಮೊದಲ ಅಳುವಿನೊಂದಿಗೆ ಸೇರಿಕೊಂಡಿತು.

ಇನ್ನು ಕೆಲವೇ ದಿನಗಳಲ್ಲಿ ಅಂತಿಮ ವರ್ಷದ ನಾವು ಪರೀಕ್ಷೆ ಮುಗಿಸಿ ದಿಕ್ಕಿಗೊಬ್ಬರಾಗಿ ಹೋಗುವವರು. ಇಪ್ಪತ್ತರ ಪ್ರಾಯದಲ್ಲಿ ಸಾವಿನ ಮಾತೇಕೆ ಎಂದು ಯಾರೂ ಕೇಳದಿರಲಿ. ಇರುವ ದಿನಗಳು ಎಣಿಕೆಯವೆಂದು ತಿಳಿದವನು ಜಿಪುಣನಾಗಬೇಕಾದುದು ಕಾಲದ ವಿಷಯದಲ್ಲಿ ಮಾತ್ರ. ದುಡಿಮೆಯ ವಿಷಯದಲ್ಲಿ ಅವನು ಉದಾರಿಯಾಗಬೇಕು. ಯಾರ ಕಣ್ಣೀರನ್ನು ಒರೆಸಲು ನಮ್ಮ ಕೈಗೆ ಎಟುಕುತ್ತದೆಯೋ ಅಲ್ಲಿಂದಲೇ ಆರಂಭಿಸೋಣ. ಕಟ್ಟೆ ತುಂಬುವುದನ್ನು ನೋಡಲು ನಾವು ಇರದಿದ್ದರೂ ಚಿಂತೆಯಿಲ್ಲ.